ಕಡಲಿಗೆ ಹರಿದ ನೀರು ವ್ಯರ್ಥವೆ?

ಮಾತಿಗಿರುವ ಬಲವು ಎಂತಹದೆಂಬುದನ್ನು ಶಾಸ್ತ್ರಕಾರರು ಬಹುಕಾಲದಿಂದ ವಿಚಾರಿಸುತ್ತ ಬಂದಿದ್ದಾರೆ. ಸಾಧುವಾದ ಶಬ್ದವು ಬುದ್ಧಿಯನ್ನು ಬೆಳಗಿಸುವಂತೆಯೇ ಅಸಾಧುವಾದ ಶಬ್ದವು ರೂಢಿಗೆ ಬಂದಲ್ಲಿ ಬುದ್ಧಿಯನ್ನು ಮುಚ್ಚುತ್ತದೆ. ಪುನಃ ಪುನಃ ಕಿವಿಗೆ ಬಿದ್ದುದರಿಂದಲೇ ಜನರು ಅದನ್ನು ಪ್ರಮಾಣವೆಂದು ಅಂಗೀಕರಿಸಿಬಿಡುತ್ತಾರೆ. ಆಮೇಲೆ ಅದನ್ನು ಪರೀಕ್ಷಿಸಬೇಕೆಂಬ ಯೋಚನೆಯೇ ಯಾರಿಗೂ ಬಾರದು. ಅಂತಹ ಮಾತೊಂದು ಇಂದು ಕನ್ನಡನಾಡಿನಲ್ಲಿ ನಿರಾತಂಕವಾಗಿ ಸಂಚರಿಸುತ್ತಿದೆ. "ಪಶ್ಚಿಮಕ್ಕೆ ಹರಿಯುವ ನದಿಗಳ ನೀರೆಲ್ಲವೂ ವ್ಯರ್ಥವಾಗಿ ಸಮುದ್ರವನ್ನು ಸೇರುತ್ತಿದೆ" ಎಂಬುದೇ ಆ ಮಾತು. ಮುಖಂಡರು ಸಭೆಗಳಲ್ಲಿ ಇದನ್ನು ಘೋಷಿಸುತ್ತಾರೆ, ವೃತ್ತಪತ್ರಿಕೆಗಳು ಅಚ್ಚುಹಾಕುತ್ತವೆ, ಶಾಲೆಯ ಬಾಲಕನು ಇದನ್ನೇ ಪ್ರಬಂಧದಲ್ಲಿ ಬರೆದು ಅಂಕಗಳನ್ನು ಸಂಪಾದಿಸುತ್ತಾನೆ, ಆಷಾಢದ ಮಳೆಯಲ್ಲಿ ಸೇತುವೆಯ ಮೇಲೆ ನಿಂತು ಕೆಂಪು ಹೊಳೆಯನ್ನು ನೋಡುವ ವಿದ್ಯಾವಂತ ಗೃಹಸ್ಥನು "ಎಷ್ಟೊಂದು ನೀರು ಹಾಳಾಗುತ್ತಿದೆ!" ಎಂದು ನಿಟ್ಟುಸಿರು ಬಿಡುತ್ತಾನೆ.

ಈ ವಾಕ್ಯದ ದೋಷವೆಲ್ಲವೂ "ವ್ಯರ್ಥ" ಎಂಬ ಒಂದೇ ಪದದಲ್ಲಿ ಅಡಗಿದೆ. ಅರ್ಥವೆಂದರೆ ಪ್ರಯೋಜನ, ಪ್ರಯೋಜನವು ಹೊರಟುಹೋದುದು ವ್ಯರ್ಥ. ಒಂದು ವಸ್ತುವಿನಿಂದ ಯಾರಿಗೆ ಏನು ಪ್ರಯೋಜನವಾಗುತ್ತಿದೆ ಎಂಬುದನ್ನು ವಿಚಾರಿಸದೆಯೇ ಅದನ್ನು ವ್ಯರ್ಥವೆಂದು ಕರೆಯುವವನು, ಬಿತ್ತನೆಯ ಕಾಲದಲ್ಲಿ ರೈತನು ಕೆಸರಿಗೆ ಬೀಜವನ್ನು ಚೆಲ್ಲುವುದನ್ನು ಕಂಡು "ಒಳ್ಳೆಯ ಧಾನ್ಯವನ್ನು ಹಾಳುಮಾಡುತ್ತಿದ್ದಾನಲ್ಲ" ಎಂದು ಮರುಗುವ ಪಟ್ಟಣಿಗನಿಗೆ ಸಮಾನನು. ಅವನ ಮರುಕವು ನಿಜವಾದುದೇ. ಆದರೆ ಅದಕ್ಕೆ ಮೂಲವು ಅಜ್ಞಾನ.

ಪ್ರತಿಪಕ್ಷದವರ ವಾದವನ್ನು ದುರ್ಬಲಗೊಳಿಸಿ ಹೇಳಿ, ಆಮೇಲೆ ಅದನ್ನು ಖಂಡಿಸಿದೆನೆಂದು ಹಿಗ್ಗುವುದು ವಾದಧರ್ಮವಲ್ಲ. ಆದುದರಿಂದ ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಮೊದಲು ನಿರೂಪಿಸತಕ್ಕದ್ದು. ಅವರ ಮಾತು ಹೀಗಿದೆ: ಕರ್ನಾಟಕದ ನೆಲದಲ್ಲಿ ಪಶ್ಚಿಮಕ್ಕೆ ಹರಿಯುವ ನದಿಗಳ ಪಾಲು ನೂರಕ್ಕೆ ಸುಮಾರು 13 ಮಾತ್ರ. ಆದರೆ ನಾಡಿನ ನದಿಗಳಲ್ಲಿ ಹರಿಯುವ ನೀರಿನಲ್ಲಿ ಅವುಗಳ ಪಾಲು ನೂರಕ್ಕೆ ಸುಮಾರು 60. ಅದು ವರ್ಷಕ್ಕೆ ಸುಮಾರು 2000 ಟಿ.ಎಂ.ಸಿ. ಆಗುತ್ತದೆ, ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಇತ್ತ ಘಟ್ಟದ ಕೆಳಗೆ ಹೊಳೆಗಳು ದಡ ಮೀರಿ ಹರಿಯುತ್ತಿರುವಾಗ ಅತ್ತ ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಸಾವಿರ ಅಡಿಗೂ ಮಿಕ್ಕಿ ಕೊಳವೆಬಾವಿ ಕೊರೆದರೂ ನೀರು ದೊರೆಯದು. ದೊರೆತರೂ ಅದರಲ್ಲಿ ಫ್ಲೋರೈಡು ಬೆರೆತಿದ್ದು ಹಲ್ಲಿಗೂ ಮೂಳೆಗೂ ರೋಗವನ್ನು ತರುವುದು. ಸಮುದ್ರವಾದರೋ ಸದಾ ಪೂರ್ಣವಾದುದು. ಅದಕ್ಕೆ ಇನ್ನಷ್ಟು ನೀರು ಏತಕ್ಕೆ? ತುಂಬಿದವನ ಪಾತ್ರೆಗೆ ಸುರಿಯುವುದನ್ನು ಬರಿದಾದವನ ಪಾತ್ರೆಗೆ ಸುರಿದರೆ ತಪ್ಪೇನು?

ಈ ವಾದದಲ್ಲಿ ಕರುಣೆಯುಂಟು. ಅದನ್ನು ತಿರಸ್ಕರಿಸುವವನು ಮನುಷ್ಯನಲ್ಲ. ಬಾಯಾರಿದವನಿಗೆ ನೀರು ಕೊಡಬಾರದೆಂದು ಹೇಳುವ ಶಾಸ್ತ್ರವು ಯಾವುದೂ ಇಲ್ಲ. ಆದರೆ ಕರುಣೆಯಿಂದ ಹುಟ್ಟಿದ ವಾದವಾದರೂ ಅದರ ಹೇತುಗಳು ಸತ್ಯವಾಗಿರಬೇಕು. ಈ ವಾದವು ಮೂರು ಹೇತುಗಳ ಮೇಲೆ ನಿಂತಿದೆ. ಸಮುದ್ರಕ್ಕೆ ನದಿಯ ನೀರು ಬೇಕಿಲ್ಲವೆಂಬುದು ಮೊದಲನೆಯದು. ಪ್ರವಾಹಕಾಲದ ನೀರು ಮಿಗತೆಯಾದುದರಿಂದ ಅದನ್ನು ತೆಗೆದರೆ ಯಾರಿಗೂ ನಷ್ಟವಿಲ್ಲವೆಂಬುದು ಎರಡನೆಯದು. ಹೀಗೆ ತೆಗೆದ ನೀರು ಬಾಯಾರಿದವರಿಗೇ ಸೇರುವುದೆಂಬುದು ಮೂರನೆಯದು. ಈ ಮೂರರಲ್ಲಿ ಒಂದಾದರೂ ಪರೀಕ್ಷೆಗೆ ನಿಲ್ಲುವುದೋ ಎಂಬುದನ್ನು ವಾಚಕರು ವಿಚಾರಿಸಬೇಕು.

ಮೊದಲನೆಯ ಹೇತುವಿನ ವಿಚಾರ. ನದಿಯು ಸಮುದ್ರಕ್ಕೆ ಕೊಂಡೊಯ್ಯುವುದು ಕೇವಲ ನೀರನ್ನಲ್ಲ. ಘಟ್ಟದ ಕಾಡುಗಳಲ್ಲಿ ಕೊಳೆತ ಎಲೆಯ ಸಾರವೂ, ಬಂಡೆಗಳು ಸವೆದು ಕರಗಿದ ಸಿಲಿಕವೂ, ರೇವೆಮಣ್ಣೂ, ಮರಳೂ ಆ ಕೆಂಪು ನೀರಿನಲ್ಲಿಯೇ ಪ್ರಯಾಣಮಾಡುತ್ತವೆ. ಸಮುದ್ರದಲ್ಲಿ ಡಯಾಟಮುಗಳೆಂಬ ಅತಿಸೂಕ್ಷ್ಮ ಸಸ್ಯಗಳಿವೆ. ಬರಿಗಣ್ಣಿಗೆ ಕಾಣದ ಈ ಜೀವಿಗಳು ಸಿಲಿಕದಿಂದ ತಮ್ಮ ಕವಚವನ್ನು ಕಟ್ಟಿಕೊಳ್ಳುತ್ತವೆ. ನೆಲದ ಮೇಲೆ ಹುಲ್ಲು ಹೇಗೆ ದನಕರುಗಳಿಗೆ ಆಧಾರವೋ ಹಾಗೆ ತೀರದ ನೀರಿನಲ್ಲಿ ಇಂತಹ ಸೂಕ್ಷ್ಮಸಸ್ಯಗಳು ಮೀನುಗಳಿಗೆ ಆಧಾರ. ಅರಬ್ಬೀ ಸಮುದ್ರದ ಈ ತೀರದಲ್ಲಿ ಮುಂಗಾರಿನ ಕಾಲದಲ್ಲಿ ಆಳದ ತಣ್ಣೀರು ಮೇಲಕ್ಕೆ ಉಕ್ಕಿ ಬಂದು ಮುಖ್ಯವಾದ ಪೋಷಣೆಯನ್ನು ಒದಗಿಸುತ್ತದೆಂಬುದು ನಿಜ; ಅದೇ ಕಾಲದಲ್ಲಿ ಹೊಳೆಗಳೂ ತಮ್ಮ ಪಾಲನ್ನು ತಂದು ದಡದಂಚಿಗೆ ಕೂಡಿಸುತ್ತವೆ. ಇನ್ನು ಮರಳಿನ ವಿಷಯ: ಅಲೆಯು ದಿನವೂ ತೀರದ ಮರಳನ್ನು ಕೊಂಡೊಯ್ಯುವುದು, ನದಿಯು ಹೊಸ ಮರಳನ್ನು ತಂದು ಆ ಸಾಲವನ್ನು ತೀರಿಸುವುದು. ತರುವವನನ್ನು ಅಣೆಕಟ್ಟೆಯ ಹಿಂದೆ ಬಂಧಿಸಿ, ಒಯ್ಯುವವನನ್ನು ಮಾತ್ರ ಬಿಟ್ಟರೆ ದಡವು ಕೊರೆದುಹೋಗದೆ ಇನ್ನೇನಾಗಬೇಕು? ಆಮೇಲೆ ಕೋಟಿಗಟ್ಟಲೆ ಹಣವನ್ನು ವೆಚ್ಚಮಾಡಿ ಸಮುದ್ರಕ್ಕೆ ಕಲ್ಲು ಸುರಿಯುವಾಗ ಆ ವೆಚ್ಚವನ್ನು ಯಾರೂ "ವ್ಯರ್ಥ" ಎನ್ನುವುದಿಲ್ಲ.

ಸಿಹಿನೀರೂ ಉಪ್ಪುನೀರೂ ಸೇರುವ ಸ್ಥಳವನ್ನು ಕರಾವಳಿಯವರು ಅಳಿವೆ ಎನ್ನುತ್ತಾರೆ. ಈ ಸ್ಥಳದ ಸ್ವಭಾವವು ವಿಚಿತ್ರವಾದುದು. ಶ್ರಾವಣದಲ್ಲಿ ಇಲ್ಲಿಯ ನೀರನ್ನು ನಾಲಗೆಗೆ ಮುಟ್ಟಿಸಿದರೆ ಉಪ್ಪೇ ತಿಳಿಯದು. ವೈಶಾಖದಲ್ಲಿ ಅದೇ ನೀರು ಸಮುದ್ರದಷ್ಟೇ ಉಪ್ಪಾಗಿರುವುದು. ಹೀಗೆ ಮಾಸಮಾಸಕ್ಕೆ ಬದಲಾಗುವ ಉಪ್ಪಿನ ಏರಿಳಿತಕ್ಕೆ ಹೊಂದಿಕೊಂಡೇ ಅಲ್ಲಿಯ ಜೀವಿಗಳು ತಮ್ಮ ಹುಟ್ಟು, ಬೆಳವಣಿಗೆ, ಸಂತಾನಗಳ ಕಾಲವನ್ನು ಗೊತ್ತುಮಾಡಿಕೊಂಡಿವೆ. ಸಿಗಡಿಗಳಲ್ಲಿ ಅನೇಕ ಜಾತಿಗಳು ಸಮುದ್ರದಲ್ಲಿ ಮೊಟ್ಟೆಯಿಡುತ್ತವೆ. ಮರಿಗಳು ಭರತದೊಡನೆ ಅಳಿವೆಯನ್ನು ಹೊಕ್ಕು ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಬೆಳೆದು ದೊಡ್ಡವಾಗಿ ಪುನಃ ಸಮುದ್ರಕ್ಕೆ ಮರಳುತ್ತವೆ. ಅಳಿವೆಯೆಂದರೆ ಕಡಲಿನ ತೊಟ್ಟಿಲು. ತೊಟ್ಟಿಲು ಸಣ್ಣದು, ಮನೆ ದೊಡ್ಡದು, ಆದುದರಿಂದ ತೊಟ್ಟಿಲು ಹೋದರೂ ಚಿಂತೆಯಿಲ್ಲವೆಂದು ಹೇಳುವ ಗೃಹಿಣಿಯನ್ನು ವಾಚಕರು ಎಲ್ಲಿಯಾದರೂ ಕಂಡಿರುವರೆ? "ಇಷ್ಟು ದೊಡ್ಡ ಸಮುದ್ರಕ್ಕೆ ಒಂದು ಹೊಳೆಯ ನೀರು ಯಾವ ಲೆಕ್ಕ?" ಎಂಬ ಪ್ರಶ್ನೆಯು ಅಂತಹದೇ.

ತರ್ಕಶಾಸ್ತ್ರದಲ್ಲಿ ಕಾರಣವನ್ನು ನಿರ್ಣಯಿಸಲು ಅನ್ವಯ, ವ್ಯತಿರೇಕವೆಂಬ ಎರಡು ಮಾರ್ಗಗಳುಂಟು. ಕಾರಣವಿದ್ದಲ್ಲಿ ಕಾರ್ಯವಿರುವುದು ಅನ್ವಯ. ಕಾರಣವಿಲ್ಲದಲ್ಲಿ ಕಾರ್ಯವೂ ಇಲ್ಲದಿರುವುದು ವ್ಯತಿರೇಕ. ಪ್ರಕೃತ ವಿಷಯದಲ್ಲಿ ಈ ಎರಡಕ್ಕೂ ದೃಷ್ಟಾಂತವು ದೂರದೇಶಗಳಲ್ಲಿಲ್ಲ. ಉತ್ತರಕನ್ನಡ ಜಿಲ್ಲೆಯಲ್ಲಿಯೇ, ಸುಮಾರು 30 ಕಿಲೋಮೀಟರು ಅಂತರದಲ್ಲಿ, ಒಂದೇ ಮಳೆ, ಒಂದೇ ಘಟ್ಟ, ಒಂದೇ ಸಮುದ್ರವುಳ್ಳ ಎರಡು ಅಳಿವೆಗಳ ರೂಪದಲ್ಲಿ ಕಣ್ಣೆದುರಿಗೇ ಇದೆ. ಒಂದು ಅಘನಾಶಿನಿಯದು; ಇನ್ನೊಂದು ಶರಾವತಿಯದು.

ಅಘನಾಶಿನಿಯು ಶಿರಸಿಯ ಸಮೀಪದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಕುಮಟೆಯ ಬಳಿ ತದಡಿಯಲ್ಲಿ ಕಡಲನ್ನು ಸೇರುವ ಸಣ್ಣ ನದಿ. ಇದಕ್ಕೆ ದೊಡ್ಡ ಅಣೆಕಟ್ಟೆಯಿಲ್ಲ. ಭರತದ ನೀರು ಇದರೊಳಗೆ ಉಪ್ಪಿನಪಟ್ಟಣದವರೆಗೂ ಏರುವುದು. ಊರಿನ ಹೆಸರೇ ಅದಕ್ಕೆ ಸಾಕ್ಷಿಯಂತಿದೆ. ಮಳೆಗಾಲದಲ್ಲಿ ಹೊಳೆಯ ಸಿಹಿನೀರು ಗಜನಿ ಭೂಮಿಯ ಉಪ್ಪನ್ನು ತೊಳೆಯಲು, ಅಲ್ಲಿ ಕಗ್ಗವೆಂಬ ಭತ್ತವನ್ನು ಬಿತ್ತುವರು. ನೆರೆಯಲ್ಲಿ ಮುಳುಗಿದರೂ, ಉಪ್ಪು ತಾಗಿದರೂ ತಾಳಿಕೊಳ್ಳುವ ಭತ್ತವದು. ಕೊಯಿಲು ಮುಗಿದ ಬಳಿಕ ಕಟ್ಟೆಯ ಬಾಗಿಲನ್ನು ತೆರೆದರೆ ಉಪ್ಪುನೀರೂ ಅದರೊಡನೆ ಮೀನು, ಸಿಗಡಿಗಳೂ ಒಳಸೇರುವುವು. ಹೀಗೆ ಒಂದೇ ನೆಲವು ಅರ್ಧವರ್ಷ ಗದ್ದೆ, ಅರ್ಧವರ್ಷ ಮೀನಿನ ಕೆರೆ. ಬೇಸಗೆಯಲ್ಲಿ ಸಾಣಿಕಟ್ಟೆಯ ಆಗರಗಳಲ್ಲಿ ಉಪ್ಪು ಬೆಳೆಯುವುದು. ಇಳಿತದ ಹೊತ್ತಿನಲ್ಲಿ ಹೆಂಗಸರೂ ಗಂಡಸರೂ ಸೊಂಟಮಟ್ಟದ ನೀರಿನಲ್ಲಿ ನಿಂತು ಕೆಸರನ್ನು ತಡವಿ ಚಿಪ್ಪಿಕಲ್ಲುಗಳನ್ನು ಆರಿಸುವರು. ಈ ಒಂದು ಕೆಲಸದಿಂದಲೇ ಎರಡು ಸಾವಿರಕ್ಕೂ ಹೆಚ್ಚು ಜನರು ಜೀವಿಸುತ್ತಿರುವರೆಂದು ಪರಿಶೋಧಕರು ಲೆಕ್ಕಹಾಕಿದ್ದಾರೆ. ಬಂಡವಾಳವಿಲ್ಲ, ದೋಣಿ ಬೇಕಿಲ್ಲ, ಯಜಮಾನನಿಲ್ಲ. ಬೇಕಾದುದು ಹೊಳೆಯು ತನ್ನ ಕಾಲಕ್ಕೆ ಸರಿಯಾಗಿ ಹರಿಯುವುದೊಂದೇ. 2024ನೆಯ ಇಸವಿಯ ಜನವರಿಯಲ್ಲಿ ಈ ಅಳಿವೆಯು ರಾಮ್‌ಸರ್ ಒಡಂಬಡಿಕೆಯ ಪಟ್ಟಿಗೆ ಸೇರಿ, ಜಗತ್ತಿನ ಮುಖ್ಯವಾದ ಜಲಭೂಮಿಗಳಲ್ಲಿ ಒಂದೆಂಬ ಮನ್ನಣೆಯನ್ನು ಪಡೆಯಿತು. ಇದು ಅನ್ವಯ.

ವ್ಯತಿರೇಕವನ್ನು ನೋಡಬೇಕಾದರೆ ಹೊನ್ನಾವರಕ್ಕೆ ಹೋಗಬೇಕು. ಶರಾವತಿಗೆ ಲಿಂಗನಮಕ್ಕಿಯ ಅಣೆಕಟ್ಟೆಯು 1964ರಲ್ಲಿ ಪೂರ್ಣವಾಯಿತು. ಅದರಿಂದ ನಾಡಿಗೆ ವಿದ್ಯುತ್ತು ದೊರೆಯಿತು. ಆ ಬೆಳಕಿನಲ್ಲಿ ಓದಿದವರು ಅದನ್ನು ನಿಂದಿಸುವುದು ಕೃತಘ್ನತೆಯಾದೀತು. ಆದರೆ ಉಪಕಾರವನ್ನು ಸ್ಮರಿಸುವಾಗ ಅದರ ಬೆಲೆಯನ್ನು ಯಾರು ತೆತ್ತರೆಂಬುದನ್ನೂ ಸ್ಮರಿಸಬೇಕು. ವಿದ್ಯುದಾಗಾರಗಳಿಂದ ಹೊರಬೀಳುವ ಸಿಹಿನೀರು ಈಗ ವರ್ಷವೆಲ್ಲವೂ, ಬೇಸಗೆಯಲ್ಲಿಯೂ, ಅಳಿವೆಗೆ ಹರಿಯುತ್ತಿರುವುದು. ಆದುದರಿಂದ ಅಲ್ಲಿಯ ನೀರಿಗೆ ಬೇಸಗೆಯಲ್ಲಿ ಬರಬೇಕಾದ ಉಪ್ಪು ಬರುತ್ತಿಲ್ಲ. ಉಪ್ಪನ್ನು ಬಯಸುವ ಚಿಪ್ಪಿಕಲ್ಲಿನ ಜಾತಿಗಳು ಶರಾವತಿಯ ಅಳಿವೆಯಲ್ಲಿ ಬಹುವಾಗಿ ಕ್ಷೀಣಿಸಿವೆಯೆಂದೂ, ಕಾಂಡ್ಲಾ ಗಿಡಗಳಲ್ಲಿಯೂ ಸಿಹಿನೀರನ್ನು ಸಹಿಸುವ ಜಾತಿಗಳೇ ಮೇಲುಗೈ ಪಡೆದಿವೆಯೆಂದೂ, ಮೀನಿನ ವೈವಿಧ್ಯವು ಅಘನಾಶಿನಿಗಿಂತ ಕಡಮೆಯೆಂದೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಶೋಧಕರು ಎರಡು ಅಳಿವೆಗಳನ್ನೂ ಹೋಲಿಸಿ ತೋರಿಸಿದ್ದಾರೆ.

ಇಲ್ಲಿ ಸೂಕ್ಷ್ಮದೃಷ್ಟಿಯ ವಾಚಕನು ತಡೆದು ಕೇಳಬಹುದು: "ಶರಾವತಿಯಲ್ಲಿ ನೀರು ಕಡಮೆಯಾದುದರಿಂದ ಹಾನಿಯಲ್ಲ, ಬೇಸಗೆಯಲ್ಲಿ ಹೆಚ್ಚಾದುದರಿಂದ ಹಾನಿ. ಹಾಗಿದ್ದ ಮೇಲೆ ನೀರನ್ನು ತಿರುಗಿಸಿದರೆ ಒಳ್ಳೆಯದೇ ಆಗಲಿಲ್ಲವೆ?" ಈ ಪ್ರಶ್ನೆಯಿಂದ ಸಿದ್ಧಾಂತವು ಕುಗ್ಗುವುದಿಲ್ಲ, ಮತ್ತಷ್ಟು ಸ್ಪಷ್ಟವಾಗುತ್ತದೆ. ನದಿಗೂ ಕಡಲಿಗೂ ಇರುವ ಸಂಬಂಧವು ಕೇವಲ ಪರಿಮಾಣದ್ದಲ್ಲ, ಕಾಲದ್ದು. ಯಾವ ಮಾಸದಲ್ಲಿ ಎಷ್ಟು ನೀರು, ಎಷ್ಟು ಉಪ್ಪು, ಎಷ್ಟು ಮಣ್ಣು ಎಂಬ ಕ್ರಮವೇ ಅಳಿವೆಯ ಪ್ರಾಣ. ಆಷಾಢದ ನೀರನ್ನು ಆಷಾಢದಲ್ಲಿ ತಡೆದರೂ ಕೇಡು. ಅದನ್ನೇ ಕೂಡಿಟ್ಟು ಚೈತ್ರದಲ್ಲಿ ಬಿಟ್ಟರೂ ಕೇಡು. ಹಸಿದ ಮಗುವಿಗೆ ಆರು ತಿಂಗಳು ಉಪವಾಸವಿಟ್ಟು ಆಮೇಲೆ ಆರು ತಿಂಗಳ ಅನ್ನವನ್ನು ಒಮ್ಮೆಗೇ ಬಡಿಸಿ, "ಲೆಕ್ಕವು ಸರಿಹೋಯಿತು" ಎಂದು ಹೇಳುವ ತಾಯಿಯಿಲ್ಲ. ನೀರನ್ನು ಟಿ.ಎಂ.ಸಿ.ಗಳಲ್ಲಿ ಮಾತ್ರ ಎಣಿಸುವ ಯೋಜಕರು ಈ ಲೆಕ್ಕವನ್ನೇ ಮಾಡುತ್ತಿದ್ದಾರೆ. ವೈದಿಕರು ಜಗತ್ತಿನ ನಿಯತಕ್ರಮವನ್ನು ಋತವೆಂದರು; ಋತುವೆಂಬ ಶಬ್ದವು ಅದರ ಬಂಧುವೇ. ಋತುವನ್ನು ಕೆಡಿಸಿ ಋತವನ್ನು ಉಳಿಸಿಕೊಳ್ಳುವುದು ಅಸಾಧ್ಯ.

ಪರದೇಶಗಳ ಅನುಭವವೂ ಇದನ್ನೇ ಸಾರುತ್ತದೆ. ಈಜಿಪ್ಟಿನ ನೈಲ್ ನದಿಗೆ ಅಸ್ವಾನಿನಲ್ಲಿ ಕಟ್ಟಿದ ಮಹಾ ಅಣೆಕಟ್ಟೆಯ ಹಿಂದೆ 1964ರಿಂದ ನೀರು ನಿಲ್ಲತೊಡಗಿತು. ಅಲ್ಲಿಯವರೆಗೆ ಪ್ರತಿವರ್ಷವೂ ನೈಲಿನ ಪ್ರವಾಹವು ಮೆಡಿಟರೇನಿಯನ್ ಸಮುದ್ರಕ್ಕೆ ಹರಿದು, ಮುಖಭೂಮಿಯ ಎದುರಿನ ನೀರಿನಲ್ಲಿ ಸೂಕ್ಷ್ಮಸಸ್ಯಗಳು ಹಬ್ಬುತ್ತಿದ್ದುವು. ಅವನ್ನು ಅರಸಿ ಸಾರ್ಡೀನ್ ಮೀನಿನ ಹಿಂಡುಗಳು ಬರುತ್ತಿದ್ದುವು. 1962ರಲ್ಲಿ ಈ ಮೀನಿನ ಹಿಡುವಳಿಯು ಸುಮಾರು 18,000 ಟನ್ನು. 1968ರ ಹೊತ್ತಿಗೆ ಅದು 500 ಟನ್ನಿಗೂ ಕೆಳಗಿಳಿಯಿತು. ಸಮುದ್ರವು ಬತ್ತಿರಲಿಲ್ಲ, ನೀರು ಮೊದಲಿನಷ್ಟೇ ಇದ್ದಿತು. ಇಲ್ಲದೆ ಹೋದುದು ನೈಲಿನ ನೆರೆಯೊಂದೇ. 1980ರ ದಶಕದಿಂದೀಚೆಗೆ ಅಲ್ಲಿ ಮೀನು ಪುನಃ ಹೆಚ್ಚಿತೆಂಬುದನ್ನು ಪ್ರತಿಪಕ್ಷದವರು ಉತ್ಸಾಹದಿಂದ ಎತ್ತಿ ತೋರಿಸಬಹುದು. ಹೆಚ್ಚಿದುದು ನಿಜ; ಆದರೆ ಅದಕ್ಕೆ ಮುಖ್ಯ ಕಾರಣವೆಂದು ವಿದ್ವಾಂಸರು ಹೇಳುವುದು, ಹೊಲಗಳಿಂದ ಕೊಚ್ಚಿಬಂದ ರಸಗೊಬ್ಬರವನ್ನೂ, ಬೆಳೆದ ನಗರಗಳ ಕೊಳಚೆಯನ್ನೂ. ತಾಯಿಯ ಹಾಲನ್ನು ತಪ್ಪಿಸಿ ಚರಂಡಿಯ ನೀರಿನಿಂದ ಕೂಸನ್ನು ಸಾಕಿದ ದೃಷ್ಟಾಂತವನ್ನು ಯಶಸ್ಸೆಂದು ಕೊಂಡಾಡಲು ಮನಸ್ಸುಳ್ಳವರು ಕೊಂಡಾಡಲಿ. ರೇವೆಮಣ್ಣು ಬಾರದೆ ನೈಲಿನ ಮುಖಭೂಮಿಯ ದಡವು ಕೊರೆದುಹೋಗುತ್ತಿರುವುದನ್ನಂತೂ ಯಾವ ಕೊಳಚೆಯೂ ತುಂಬಿಕೊಡಲಿಲ್ಲ.

ಮಧ್ಯ ಏಷ್ಯದ ಅರಲ್ ಸಮುದ್ರದ ಕಥೆಯು ಇನ್ನೂ ಭಯಂಕರವಾದುದು. 1960ರಲ್ಲಿ ಅದು ಸುಮಾರು 68,000 ಚದರ ಕಿಲೋಮೀಟರು ವಿಸ್ತಾರದ, ಜಗತ್ತಿನ ನಾಲ್ಕನೆಯ ದೊಡ್ಡ ಸರೋವರ. ಅಮು ದರಿಯಾ, ಸಿರ್ ದರಿಯಾ ಎಂಬ ಎರಡು ನದಿಗಳು ಅದನ್ನು ಪೋಷಿಸುತ್ತಿದ್ದುವು. ಮರುಭೂಮಿಯ ನಡುವಿನ ಸರೋವರಕ್ಕೆ ನೀರು ಹರಿದು ಆವಿಯಾಗುವುದು ವ್ಯರ್ಥವೆಂದೂ, ಆ ನೀರಿನಿಂದ ಹತ್ತಿ ಬೆಳೆದರೆ ಹೊನ್ನು ಬರುವುದೆಂದೂ ಅಂದಿನ ಸೋವಿಯತ್ ಯೋಜಕರು ಎಣಿಸಿದರು. ಹತ್ತಿ ಬೆಳೆಯಿತು. ಸರೋವರವು ತಗ್ಗಿತು, ಉಪ್ಪು ಏರಿತು. ವರ್ಷಕ್ಕೆ 40,000 ಟನ್ನಿಗೂ ಮಿಕ್ಕಿದ್ದ ಮೀನುಗಾರಿಕೆಯು 1980ರ ದಶಕದ ಆರಂಭಕ್ಕೆ ನಿಂತೇಹೋಯಿತು. ರೇವುಪಟ್ಟಣಗಳಿಂದ ನೀರು ಹತ್ತಾರು ಹರದಾರಿ ಹಿಂದೆ ಸರಿದು, ಹಡಗುಗಳು ಮರಳಿನಲ್ಲಿ ಕುಳಿತುವು. ಬತ್ತಿದ ತಳದಿಂದ ಎದ್ದ ಉಪ್ಪುಧೂಳು ಹತ್ತಿಯ ಹೊಲಗಳ ಮೇಲೆಯೂ ಜನರ ಶ್ವಾಸಕೋಶಗಳೊಳಗೂ ಸೇರಿತು. 2005ರಲ್ಲಿ ಕಜಾಕಸ್ತಾನದವರು ಉತ್ತರದ ಸಣ್ಣ ಭಾಗಕ್ಕೆ ಕಟ್ಟೆಯನ್ನು ಕಟ್ಟಿ ಸಿರ್ ದರಿಯಾದ ನೀರನ್ನು ಅಲ್ಲಿ ನಿಲ್ಲಿಸಲಾಗಿ, ಉಪ್ಪು ತಗ್ಗಿ, ಮೀನು ಮರಳಿತು. ನದಿಯನ್ನು ಕೊಟ್ಟರೆ ಜೀವ ಬರುವುದು, ಕಸಿದರೆ ಹೋಗುವುದು. ಇದಕ್ಕಿಂತ ಸ್ಫುಟವಾದ ಅನ್ವಯ ವ್ಯತಿರೇಕವು ಬೇರೆ ಬೇಕೆ? ಕನ್ನಡನಾಡಿನಲ್ಲಿ ಹರಿಯುವ ಕೃಷ್ಣೆಯೂ 2001ರಿಂದ 2004ರವರೆಗಿನ ಬರದ ವರ್ಷಗಳಲ್ಲಿ ಸಮುದ್ರಕ್ಕೆ ಅತ್ಯಲ್ಪವಾದ ನೀರನ್ನು ಮಾತ್ರ ಕೊಟ್ಟಳೆಂಬುದನ್ನು ಇಲ್ಲಿ ನೆನೆಯತಕ್ಕದ್ದು.

ಎರಡನೆಯ ಹೇತುವು, ಮಳೆಗಾಲದ ಮಿಗತೆಯ ನೀರನ್ನು ಮಾತ್ರ ತೆಗೆಯುವೆವೆಂಬುದು. ಮೇಲುನೋಟಕ್ಕೆ ಇದು ನ್ಯಾಯವಾಗಿಯೇ ತೋರುವುದು. ಆದರೆ ನದಿಯು ವರ್ಷದಲ್ಲಿ ಸಾಗಿಸುವ ಮಣ್ಣು ಮರಳುಗಳ ಬಹುಭಾಗವು ಸಾಗುವುದು ಆ ಪ್ರವಾಹದ ಕೆಲವು ದಿನಗಳಲ್ಲಿಯೇ. ಗಜನಿಯ ಉಪ್ಪನ್ನು ತೊಳೆಯುವುದೂ, ಅಳಿವೆಯ ಬಾಯಿಗೆ ಕಟ್ಟಿಕೊಂಡ ಮರಳುದಿಣ್ಣೆಯನ್ನು ಒಡೆಯುವುದೂ, ಅನೇಕ ಮೀನುಗಳಿಗೆ ಮೊಟ್ಟೆಯಿಡುವ ಕಾಲ ಬಂದಿತೆಂಬುದನ್ನು ತಿಳಿಸುವುದೂ ಆ ನೆರೆಯೇ. ಬಿಡುವಿನ ದಿನಗಳಲ್ಲಿ ಎತ್ತನ್ನು ಬಿಟ್ಟು, ಉಳುಮೆಯ ಹದದಲ್ಲಿಯೇ ಅದನ್ನು ಕೊಂಡೊಯ್ಯುತ್ತೇನೆಂಬ ನೆರೆಯವನ ಔದಾರ್ಯದಂತಿದೆ ಈ ವಾದ. ಕೋಳಿಯ ಅರ್ಧವನ್ನು ಅಡಿಗೆಗೆ ಕೊಯ್ದು ಉಳಿದರ್ಧವನ್ನು ಮೊಟ್ಟೆಗಾಗಿ ಇಟ್ಟುಕೊಳ್ಳಬೇಕೆಂದವನ ಬುದ್ಧಿಯನ್ನು ಹಿರಿಯರು ಅರ್ಧಕುಕ್ಕುಟೀ ನ್ಯಾಯವೆಂದು ಹಾಸ್ಯಮಾಡಿದರು. ನೆರೆಯಿಲ್ಲದ ನದಿಯನ್ನು ಇಟ್ಟುಕೊಂಡು ಮೀನನ್ನೂ ಮರಳನ್ನೂ ನಿರೀಕ್ಷಿಸುವವರಿಗೆ ಆ ನ್ಯಾಯವು ಚೆನ್ನಾಗಿ ಒಪ್ಪುತ್ತದೆ. ಒಂದು ತೊಟ್ಟನ್ನೂ ತೆಗೆಯಬಾರದೆಂಬುದು ಇಲ್ಲಿಯ ವಾದವಲ್ಲ. ದೊಡ್ಡ ನೆರೆಯಿಂದ ಸ್ವಲ್ಪ ಪಾಲನ್ನು ತೆಗೆದರೆ ನದಿಯು ತಾಳಿಕೊಳ್ಳಬಹುದು. ಎಷ್ಟು ತಾಳಿಕೊಳ್ಳುವುದೆಂಬುದನ್ನು ಅಳೆದು ನೋಡಿ ತೆಗೆಯಬೇಕು. "ವ್ಯರ್ಥ" ಎಂಬ ಪದವಾದರೋ ಅಳೆಯುವ ಕೆಲಸವನ್ನೇ ಅನಾವಶ್ಯಕವಾಗಿ ಮಾಡಿಬಿಡುತ್ತದೆ, ವ್ಯರ್ಥವಾದುದನ್ನು ಅಳೆಯುವವರಾರು?

ಅಳೆಯದೆ ಹೊರಟುದರ ಫಲವನ್ನು ಎತ್ತಿನಹೊಳೆಯ ಯೋಜನೆಯಲ್ಲಿ ಕಾಣಬಹುದು. ನೇತ್ರಾವತಿಗೆ ಸೇರತಕ್ಕ ತೊರೆಗಳಿಂದ ಸುಮಾರು 24 ಟಿ.ಎಂ.ಸಿ. ನೀರನ್ನೆತ್ತಿ ಪೂರ್ವದ ಬಯಲಿಗೆ ಒಯ್ಯುವೆವೆಂದು ಸರ್ಕಾರವು ಸಂಕಲ್ಪಿಸಿತು. 2012ರಲ್ಲಿ ಅದರ ಅಂದಾಜು ಸುಮಾರು 8,300 ಕೋಟಿ ರೂಪಾಯಿ. 2014ರಲ್ಲಿ ಸುಮಾರು 12,900 ಕೋಟಿ. 2023ರಲ್ಲಿ 23,000 ಕೋಟಿಗೂ ಹೆಚ್ಚು. ಮೊದಲನೆಯ ಘಟ್ಟವು 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಆ ತೊರೆಗಳಲ್ಲಿ ದೊರೆಯಬಹುದಾದ ನೀರು 10 ಟಿ.ಎಂ.ಸಿ.ಗಿಂತಲೂ ಕಡಮೆಯೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನವೊಂದು ಬಹಳ ಮೊದಲೇ ಹೇಳಿದ್ದಿತು. ಯಾರ ಲೆಕ್ಕ ಸರಿಯೆಂಬುದನ್ನು ಕಾಲವು ತೋರಿಸಲಿ. ಇಪ್ಪತ್ನಾಲ್ಕಕ್ಕೂ ಹತ್ತಕ್ಕೂ ಇರುವ ವ್ಯತ್ಯಾಸವು ಬಾಯಾರಿದ ಕೋಲಾರದವರಿಗೇ ಆಗುವ ವಂಚನೆಯೆಂಬುದನ್ನಾದರೂ ಅವರ ಹೆಸರಿನಲ್ಲಿ ಮಾತಾಡುವವರು ಒಪ್ಪಬೇಕು. ಈ ಪಾಠವನ್ನು ಕಲಿಯುವ ಮೊದಲೇ ಬೇಡ್ತಿಯನ್ನು ವರದೆಗೂ, ಅಘನಾಶಿನಿಯನ್ನು ವೇದಾವತಿಗೂ ಜೋಡಿಸುವ ಪ್ರಸ್ತಾಪಗಳು ಎದ್ದಿವೆ. ರಾಮ್‌ಸರ್ ಪಟ್ಟಿಯ ಗೌರವವನ್ನು ಒಂದು ಕೈಯಿಂದ ತೆಗೆದುಕೊಂಡು, ಆ ಗೌರವಕ್ಕೆ ಕಾರಣವಾದ ಹೊಳೆಯನ್ನು ಇನ್ನೊಂದು ಕೈಯಿಂದ ತಿರುಗಿಸಲು ಹೊರಡುವುದು ಯಾವ ನೀತಿ?

ಇನ್ನುಳಿದುದು ಮೂರನೆಯ ಹೇತು: ತಂದ ನೀರು ಬಾಯಾರಿದವರಿಗೇ ಸಲ್ಲುವುದೆಂಬುದು. ಈಗಾಗಲೇ ದೂರದಿಂದ ತಂದ ನೀರಿನ ಗತಿ ಏನಾಗಿದೆಯೆಂದು ನೋಡಿದರೆ ಸಾಕು. ಬೆಂಗಳೂರಿಗೆ ಕಾವೇರಿಯ ನೀರು ಸುಮಾರು 100 ಕಿಲೋಮೀಟರು ದೂರದಿಂದ ಬೆಟ್ಟವನ್ನೇರಿದಂತೆ ಏರಿ ಬರುತ್ತದೆ. ಅದರ ಐದನೆಯ ಘಟ್ಟವು 2024ರ ಅಕ್ಟೋಬರಿನಲ್ಲಿ ಆರಂಭವಾಯಿತು. ಅಷ್ಟು ಶ್ರಮದಿಂದ ಬಂದ ನೀರು ಒಂದು ದಿನ ಮನೆಯಲ್ಲಿದ್ದು, ಮಲವನ್ನೂ ಸಾಬೂನನ್ನೂ ಹೊತ್ತು, ಬೆಳ್ಳಂದೂರು ಮೊದಲಾದ ಕೆರೆಗಳಿಗೆ ಇಳಿಯಿತು. ಕೊಳಚೆಯಲ್ಲಿನ ರಂಜಕವನ್ನುಂಡು ಪಾಚಿಯೂ ಅಂತರಗಂಗೆಯೂ ಹಬ್ಬಿದುವು. ಸತ್ತುದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಪ್ರಾಣವಾಯುವನ್ನೆಲ್ಲ ಹೀರಿದುವು. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುವು. ಬೆಳ್ಳಂದೂರು ಕೆರೆಯ ನೊರೆಯು ರಸ್ತೆಯ ಮೇಲೆ ಹಾರಿತು. 2015, 2017, 2018 ಈ ಮೂರು ವರ್ಷಗಳಲ್ಲಿ ಕೆರೆಗೆ ಬೆಂಕಿ ಹತ್ತಿತು. ನೀರಿಗೆ ಬೆಂಕಿ ಬಿದ್ದರೆ ಆರಿಸುವುದೇತರಿಂದ ಎಂಬ ಹಳೆಯ ಸಮಸ್ಯೆಯು ಹೀಗೆ ಗ್ರಂಥದಿಂದ ಹೊರಬಿದ್ದು ಬೀದಿಗೆ ಬಂದಿತು. ಕಾಡಿನ ಸಾರವನ್ನು ಹೊತ್ತು ಕಡಲಿಗೆ ಹೋಗುವ ನೀರು ವ್ಯರ್ಥ. ನಗರದ ಮಲವನ್ನು ಹೊತ್ತು ಕೆರೆಯನ್ನು ಕೊಲ್ಲುವ ನೀರು ಸದ್ವಿನಿಯೋಗ! ಈ ನಿಘಂಟನ್ನು ರಚಿಸಿದವರಾರು?

ಬಾಯಾರಿದ ಬಯಲಿಗೆ ಮಾರ್ಗವಿಲ್ಲವೆಂದಲ್ಲ. ಬೆಂಗಳೂರಿನ ಬಳಕೆಯ ನೀರನ್ನು ಶುದ್ಧಿಮಾಡಿ ಕೋಲಾರದ ಕೆರೆಗಳಿಗೆ ಹರಿಸುವ ಕೆಲಸವು 2018ರಲ್ಲಿ ಆರಂಭವಾಗಿ, ಬತ್ತಿದ ಕೆರೆಗಳಲ್ಲಿ ನೀರು ನಿಂತಿತು, ಬಾವಿಗಳ ಮಟ್ಟವು ಏರಿತು. ಆ ಶುದ್ಧಿಯು ಎರಡೇ ಘಟ್ಟಗಳಲ್ಲಿ ನಿಂತಿದೆ, ಮೂರನೆಯದು ಆಗಬೇಕೆಂಬ ಅಲ್ಲಿಯ ಜನರ ಆಗ್ರಹವು ಸರ್ವಥಾ ನ್ಯಾಯವಾದುದು. ಅದನ್ನು ನೆರವೇರಿಸುವ ವೆಚ್ಚವು ಘಟ್ಟವನ್ನು ಕೊರೆಯುವ ವೆಚ್ಚಕ್ಕಿಂತ ಹೆಚ್ಚೆಂದು ಯಾರೂ ಹೇಳಲಾರರು. ಕೋಲಾರವು ಒಂದು ಕಾಲದಲ್ಲಿ ಕೆರೆಗಳ ಸೀಮೆಯೆಂದೇ ಪ್ರಸಿದ್ಧವಾಗಿದ್ದಿತು. ಹೂಳು ತೆಗೆಯದೆ, ಕಾಲುವೆಗಳನ್ನು ಒತ್ತುವರಿಗೆ ಬಿಟ್ಟುಕೊಟ್ಟು, ತನ್ನ ಮಳೆಯನ್ನು ತಾನೇ ನಿಲ್ಲಿಸಿಕೊಳ್ಳದ ಸೀಮೆಗೆ ಪರರ ಹೊಳೆಯನ್ನು ತಂದರೆ ಅದೂ ನಿಲ್ಲುವ ಭರವಸೆಯೇನು?

ಕಡಲಿನ ಸ್ಥಿತಿಯೂ ಈಗ ಮೊದಲಿನಂತಿಲ್ಲ. ಅರಬ್ಬೀ ಸಮುದ್ರದ ನೀರು ಬಿಸಿಯಾಗುತ್ತಿದೆ. ತಾರ್ಲಿ, ಬೂತಾಯಿ ಎಂಬ ಹೆಸರುಗಳಿಂದ ಬಡವರ ಅನ್ನಕ್ಕೆ ವ್ಯಂಜನವಾಗಿರುವ ಮೀನು ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ನು ದೊರೆತಿದ್ದುದು, 2021ರಲ್ಲಿ ಸುಮಾರು 3,300 ಟನ್ನಿಗೆ ಇಳಿಯಿತು. ಇದನ್ನು ಹೊಳೆಗಳ ತಲೆಗೆ ಕಟ್ಟುವುದು ಸತ್ಯಕ್ಕೆ ದ್ರೋಹವಾದೀತು. ಸಮುದ್ರದ ತಾಪ, ಪ್ರವಾಹಗಳ ವ್ಯತ್ಯಾಸ, ಮರಿಮೀನುಗಳನ್ನೂ ಬಿಡದೆ ಬಳಿಯುವ ಬಲೆಗಳು, ಇವೆಲ್ಲವೂ ಕಾರಣಗಳೆಂದು ತಜ್ಞರು ಹೇಳುತ್ತಾರೆ. ಆದರೆ ಜ್ವರದಿಂದ ಬಳಲುವವನ ಗಂಜಿಯನ್ನು ಕಸಿಯಲು, "ಜ್ವರಕ್ಕೆ ಗಂಜಿಯ ಅಭಾವವು ಕಾರಣವಲ್ಲ" ಎಂಬುದು ಸಮಾಧಾನವಾಗುವುದೆ? ಒಂದು ಕಷ್ಟವನ್ನು ಸಹಿಸುವ ಜೀವಿಯು ಎರಡನೆಯದರಿಂದ ಸೋಲುತ್ತದೆ, ಮೂರನೆಯದರಿಂದ ಸಾಯುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ಕಡಲಿಗೆ ಸೇರುವ ನೀರನ್ನೂ ನದಿಯ ವಿನಿಯೋಗಗಳಲ್ಲಿ ಒಂದೆಂದು ಲೆಕ್ಕಪತ್ರದಲ್ಲಿ ಬರೆಯಬೇಕು. ಯಾವ ಮಾಸದಲ್ಲಿ ಎಷ್ಟೆಂಬುದನ್ನು ನಮೂದಿಸದ ಯೋಜನೆಗೆ ಅನುಮತಿಯು ದೊರೆಯಬಾರದು. ಕಟ್ಟಿದ ಅಣೆಕಟ್ಟೆಗಳಿಂದ ನೀರು ಬಿಡುವ ಕ್ರಮವನ್ನು ಆದಷ್ಟು ಮಟ್ಟಿಗೆ ಋತುವಿಗೆ ಹೊಂದಿಸಬೇಕು. ಯೋಜನೆಯ ಸಾಧಕಬಾಧಕಗಳನ್ನು ವಿಚಾರಿಸುವ ಸಭೆಯಲ್ಲಿ ಚಿಪ್ಪಿಕಲ್ಲನ್ನು ಆರಿಸುವ ಹೆಂಗಸಿನ ಮಾತಿಗೂ ಕಾಗದದ ಮೇಲೆ ಸ್ಥಾನವಿರಬೇಕು. ಅಳಿವೆಯ ಉಪ್ಪನ್ನು ಅವಳಷ್ಟು ದೀರ್ಘಕಾಲ ಪರೀಕ್ಷಿಸಿದವರು ಬೇರೆ ಯಾರೂ ಇಲ್ಲ. ಶಾಲೆಯ ಪುಸ್ತಕಗಳಿಂದ ಆ ಒಂದು ವಾಕ್ಯವನ್ನು ತೆಗೆದುಹಾಕಬೇಕು. ವಿದ್ಯಾವಂತರ ಮನೆಗಳಲ್ಲಿ ಮಕ್ಕಳು ಅದನ್ನು ಉಚ್ಚರಿಸಿದಾಗ, ಅಶುದ್ಧವಾದ ಶಬ್ದವನ್ನು ತಿದ್ದುವಂತೆಯೇ, ಹಿರಿಯರು ತಿದ್ದಬೇಕು.

ಪಾಪವನ್ನು ನಾಶಮಾಡುವವಳೆಂಬ ಅರ್ಥದಲ್ಲಿ ಪೂರ್ವಿಕರು ಒಂದು ಹೊಳೆಗೆ ಅಘನಾಶಿನಿಯೆಂದು ಹೆಸರಿಟ್ಟರು. ಇಂದಿನವರ ಅಘವನ್ನು ಅವಳು ತೊಳೆಯುವಳೋ ಇಲ್ಲವೋ. ಅವಳನ್ನು ವ್ಯರ್ಥವೆಂದು ಕರೆದ ಅಘವಂತೂ ಅವಳಿಂದ ತೊಳೆದುಹೋಗತಕ್ಕದ್ದಲ್ಲ. ಅದನ್ನು ಮಾಡಿದವರೇ ತಮ್ಮ ನಾಲಗೆಯಿಂದ ತೊಳೆದುಕೊಳ್ಳಬೇಕು.